ಆಕಾಶದಲ್ಲಿ ಕೆಲಸವಿದ್ದ ಸೋದರಮಾವ

ನಮ್ಮ ಸೋದರಮಾವನಷ್ಟು ಪುಕ್ಕಲು ಮನುಷ್ಯನನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಹೀಗೆಂದರೆ ನನ್ನ ತಾಯಿ ಇವತ್ತಿಗೂ ಮುದ್ದೆಕೋಲು ಎತ್ತಿಕೊಂಡು ಬರುತ್ತಾಳೆ. ಬರದೆ ಇನ್ನೇನು? ಅವಳ ಆ ಕೊನೆಯ ತಮ್ಮ ವಾಯುಪಡೆಯಲ್ಲಿ ಯುದ್ಧವಿಮಾನದ ಪೈಲಟ್! ಸದ್ದಿಗಿಂತ ವೇಗವಾಗಿ ಓಡುವ ವಿಮಾನ ಅವನದು. ಅಂದರೆ ಅವನು ನಿಮ್ಮ ಮನೆಯ ಮೇಲೆ ಹಾದುಹೋದ ಎಂದಿಟ್ಟುಕೊಳ್ಳಿ, ಸದ್ದು ಕೇಳಿ ನೀವು ತಲೆಯೆತ್ತುವಷ್ಟರಲ್ಲಿ ಅವನು ಪಕ್ಕದ ತಾಲ್ಲೂಕು ದಾಟಿರುತ್ತಾನೆ. ಇಂಥ ಮನುಷ್ಯ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ಪ್ರೈವೇಟ್ ಬಸ್ಸು ಹತ್ತಿದರೆ ಸಾಕು, ಎರಡೂ ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು, ಕಣ್ಣು ಮುಚ್ಚಿ, ಮೈಯೆಲ್ಲ ಬೆವೆತು, ಹೆರಿಗೆಗೆ ಹೊರಟ ಚೊಚ್ಚಲ ಬಸುರಿಯಂತೆ ಕೂತುಬಿಡುತ್ತಿದ್ದ!

ರಜೆಯಲ್ಲಿ ಬಂದಾಗ ಮೊದಲು ನಂಜನಗೂಡಿನ ನಮ್ಮ ಮನೆಗೆ ಬಂದು, ಅಕ್ಕನ ಕೈಯ ಉಪ್ಸಾರು ಮುದ್ದೆ ಉಂಡು, ಆಮೇಲೆ ನರಸೀಪುರದ ಮೇಲೆ ತನ್ನ ಹುಟ್ಟೂರು ಹೆಮ್ಮಿಗೆಗೆ ಹೋಗುವುದು ಅವನ ಪದ್ಧತಿ. ಪ್ರೈಮರಿ ಶಾಲೆಯಲ್ಲಿದ್ದ ನನ್ನನ್ನೂ ಜೊತೆಗೆ ಕಳಿಸುತ್ತಿದ್ದರು. ಅವನು ನನ್ನನ್ನು ನೋಡಿಕೊಳ್ಳಲಿ ಅಂತ ನಮ್ಮಪ್ಪ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಅವನನ್ನು ನೋಡಿಕೊಳ್ಳುತ್ತಿದ್ದೆ.

ಒಂದು ಸಲ ಬಸ್ಸಿನ ಡ್ರೈವರು ಎತ್ತಿನ ಗಾಡಿಯೊಂದರ ಹಿಂದೆ ಅಂಟಿಕೊಂಡಂತೆ ಹೋಗುತ್ತಿದ್ದ. ಮಾವನಿಗೆ ತಡೆಯಲಾಗಲಿಲ್ಲ.

"ಅಲ್ಲ ಕಣಪ್ಪಾ, ಸ್ವಲ್ಪ ಅಂತರ ಬಿಟ್ಟು ಹೋಗಬಾರದಾ? ಎತ್ತು ಉಸಿರು ಬಿಡೋದು ಇಲ್ಲಿಗೆ ಕೇಳಿಸ್ತಾ ಇದೆ!"

"ಜೀವದ ಮ್ಯಾಲೆ ಅಷ್ಟೊಂದು ಆಸೆ ಇರೋರು ಮನೇಲಿರ್ಬೇಕು ಸಾ" ಎಂದ ಡ್ರೈವರು.

ನನಗೆ ಸಿಟ್ಟು ಬಂತು. "ನಮ್ಮ ಮಾವ ಯುದ್ಧವಿಮಾನ ಓಡಿಸ್ತಾರೆ, ಗೊತ್ತಾ?" ಎಂದು ಕಿರುಚಿದೆ.

ಡ್ರೈವರು ರಸ್ತೆಯನ್ನು ಅದರ ಪಾಡಿಗೆ ಬಿಟ್ಟು, ಪೂರ್ತಿ ಹಿಂದಕ್ಕೆ ತಿರುಗಿ ಮಾವನನ್ನು ನೋಡಿದ. ಮಾವ "ಮುಂದೆ ನೋಡಪ್ಪಾ!" ಎಂದು ಕೂಗಿಕೊಂಡ.

"ಅಂಗಾ ಸಾ? ಮೊದ್ಲೇ ಯೋಳ್ಬಾರ್ದಾ! ಲೇ, ಸಾಹೇಬ್ರನ್ನ ಮುಂದಕ್ಕೆ ಕೂರುಸ್ಲಾ" ಎಂದು ಕಂಡಕ್ಟರನಿಗೆ ಹೇಳಿ, ಬಾನೆಟ್ಟಿನ ಪಕ್ಕದಲ್ಲಿ ಟವೆಲ್ ಹಾಸಿ ಮಾವನನ್ನು ಕೂರಿಸಿಕೊಂಡ. ಆಮೇಲೆ ಅಂಗಿಯ ತೋಳು ಮೇಲೇರಿಸಿ, "ತಮ್ ಮುಂದೆ ನಾವೇನ್ ಮಹಾ ಸಾ. ಆದ್ರೂ ಒಸಿ ನಮ್ ಗಾಡೀನೂ ನೋಡ್ಬುಡಿ" ಎಂದವನೇ, ಎತ್ತಿನ ಗಾಡಿ, ಹುಲ್ಲಿನ ಲಾರಿ, ಮುಂದೆ ಹೋಗುತ್ತಿದ್ದ ಎರಡು ಬಸ್ಸು, ಎಲ್ಲವನ್ನೂ ಹಿಂದೆ ಹಾಕಿ ನರಸೀಪುರಕ್ಕೆ ತಂದು ನಿಲ್ಲಿಸಿದ!

ಮಾವ ಇಳಿದವನು ಪಾನ್ ಅಂಗಡಿಯ ಕಲ್ಲಿನ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ, "ನೋಡೇ, ನಮ್ಮ ವಿಮಾನದಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಕಾಲಿನ ಸಂದಿಯಲ್ಲಿ ಒಂದು ಹಿಡಿ ಇರುತ್ತೆ. ಅದನ್ನ ಎಳೆದರೆ ಸೀಟಿನ ಸಮೇತ ಆಚೆಗೆ ಎಸೆದುಬಿಡುತ್ತೆ, ಮೇಲೆ ಪ್ಯಾರಾಚೂಟು ಬಿಚ್ಕೊಳ್ಳುತ್ತೆ. ಈ ದರಿದ್ರ ಬಸ್ಸಲ್ಲಿ ದಾರಿಯುದ್ದಕ್ಕೂ ಅದನ್ನೇ ಹುಡುಕ್ತಾ ಇದ್ದೆ ಕಣೇ!" ಎಂದ.

ಹೆಮ್ಮಿಗೆಯಂಥ ಊರಿನ ಬೇಸಾಯಗಾರರ ಮನೆಯ ಹುಡುಗ ಪೈಲಟ್ ಆದದ್ದು ಹೇಗೆ ಎಂದು ನೀವು ಕೇಳಬಹುದು. ಸಿನಿಮಾದ ಹಾಗೆ ಚಿಕ್ಕಂದಿನಿಂದ ಆಕಾಶ ನೋಡುತ್ತಾ ಕನಸು ಕಂಡವನೇನಲ್ಲ ಅವನು. ಕಾಲೇಜಿನ ಗೆಳೆಯನೊಬ್ಬ ಮೈಸೂರಿಗೆ ಪರೀಕ್ಷೆ ಬರೆಯಲು ಹೊರಟಿದ್ದ. ಜೊತೆಗೆ ಹೋದರೆ ಮಸಾಲೆದೋಸೆ ಕೊಡಿಸುತ್ತೇನೆ ಎಂದಿದ್ದ. ಈತ ದೋಸೆಯ ಆಸೆಗೆ ತಾನೂ ಅರ್ಜಿ ಹಾಕಿ ಪರೀಕ್ಷೆಗೆ ಕೂತ. ಗೆಳೆಯ ಫೇಲು, ಇವನು ಪಾಸು! ಆಮೇಲೆ ಒಂದರ ಹಿಂದೆ ಒಂದು ಸಂದರ್ಶನ, ವೈದ್ಯಕೀಯ ತಪಾಸಣೆ. ಎಲ್ಲ ಕಡೆಯೂ ಇವನನ್ನು ಮುಂದಕ್ಕೇ ತಳ್ಳಿದರು. ತರಬೇತಿಯಲ್ಲಿ ಮೊದಲ ಬಾರಿಗೆ ಒಬ್ಬನೇ ವಿಮಾನ ಎತ್ತಿಕೊಂಡು ಹೋಗಿ ಇಳಿಸಿದ ದಿನ ಅವನೊಳಗೆ ಏನೋ ಆಯಿತಂತೆ. ಏನಾಯಿತು ಎಂದು ಕೇಳಿದರೆ "ಹಸಿವಾಯಿತು" ಎನ್ನುತ್ತಿದ್ದ.

ನಮ್ಮಜ್ಜಿಗೆ ಮಾತ್ರ ಬಹಳ ದಿನ ಮಗನ ಕೆಲಸ ಏನೆಂದು ಬಿಡಿಸಿ ತಿಳಿಯಲಿಲ್ಲ. ಊರಲ್ಲಿ ಯಾರಾದರೂ ಕೇಳಿದರೆ "ಡ್ರೈವರ್ ಕೆಲಸ, ಸರ್ಕಾರದ್ದೇಯ" ಎನ್ನುತ್ತಿದ್ದಳು. ಒಂದು ರಜೆಯಲ್ಲಿ ಮಗನನ್ನೇ ಹಿಡಿದು ಕೂರಿಸಿಕೊಂಡು ವಿಚಾರಿಸಿದಳು.

"ಅಲ್ಲ ಕಣ್ಲಾ, ನಿನ್ ಗಾಡೀಲಿ ಎಷ್ಟ್ ಜನ ಇಡುಸ್ತರೆ?"

"ನಾನೊಬ್ನೇಯ ಕಣವ್ವ."

"ನೀನೊಬ್ನೇಯಾ? ಕಂಡಕ್ಟ್ರು?"

"ಇಲ್ಲ ಕಣವ್ವ."

"ಮತ್ತೆ ಯಾರ್ನ ಕರ್ಕಂಡ್ ಓಯ್ತೀಯೆ?"

"ಯಾರ್ನೂ ಇಲ್ಲ. ಓಯ್ತೀನಿ, ಬತ್ತೀನಿ."

ಅಜ್ಜಿ ಎಲೆಯಡಿಕೆ ಉಗಿದು ಬಂದು ಕೂತಳು. "ಓಗದೂ ಒಬ್ನೇ, ಬರದೂ ಒಬ್ನೇ. ಅದುಕ್ಕೆ ಅಷ್ಟ್ ದೊಡ್ ಗಾಡಿಯಾ? ಈ ಸರ್ಕಾರದೋರ್ಗೆ ಬುದ್ಧಿ ಬ್ಯಾಡ್ವಾ!" ದೇಶದ ರಕ್ಷಣಾ ವೆಚ್ಚದ ಬಗ್ಗೆ ಇಷ್ಟು ನೇರವಾಗಿ ಪ್ರಶ್ನೆಯೆತ್ತಿದವರನ್ನು ನಾನು ಆಮೇಲೆ ಪತ್ರಿಕೆಗಳಲ್ಲೂ ಕಾಣಲಿಲ್ಲ.

ಮಾವನಿಗೆ ಹೆಣ್ಣು ನೋಡಲು ಹೋದದ್ದು ತಾಂಡವಪುರಕ್ಕೆ. ಹೆಣ್ಣಿನ ತಂದೆ ಬೆಲ್ಲದ ವ್ಯಾಪಾರಿ, ತೂಕ ಮಾಡಿ ಮಾತಾಡುವವರು. ಉಪ್ಪಿಟ್ಟು ಕಾಫಿ ಆದ ಮೇಲೆ, "ಮೇಲೆ ಹೋದಾಗ ಗಾಡಿ ಕೆಟ್ಟುಹೋದ್ರೆ ಏನ್ ಮಾಡ್ತೀರಿ?" ಎಂದು ಕೇಳಿದರು.

"ಹಾರಿಬಿಡ್ತೀನಿ" ಎಂದ ಮಾವ.

ನಮ್ಮಪ್ಪ ಮಾವನ ಕಾಲು ತುಳಿದರು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು.

"ಪ್ಯಾರಾಚೂಟ್ ಮಡಿಸೋರು ಯಾರು?"

ಮಾವ ಬೆಚ್ಚಿಬಿದ್ದ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಅದಕ್ಕೇ ಅಂತ ಹುಡುಗರಿದಾರೆ."

"ಹಾರಿಬಿಟ್ಟಾಗ ಅವರು ಮಡಿಸಿದ್ದು ಸರಿಯಿದ್ರೆ ತಾನೆ ನೀವು ಉಳಿಯೋದು?"

"ಹೌದು."

"ಅವರಿಗೆ ಊರಿಂದ ಏನಾದ್ರೂ ತಗೊಂಡು ಹೋಗಿ ಕೊಡ್ತೀರಾ?"

"ಇಲ್ಲ."

"ಕೊಡಬೇಕು" ಎಂದು ಹೇಳಿ ಹುಡುಗಿ ಒಳಗೆ ಹೋದಳು. ಮಾವ ಅಲ್ಲೇ, ಆಗಲೇ, "ನನಗೆ ಒಪ್ಪಿಗೆ" ಎಂದುಬಿಟ್ಟ. ಹೆಣ್ಣಿನ ಮುಖವನ್ನು ಇನ್ನೂ ಸರಿಯಾಗಿ ತೋರಿಸಿರಲೇ ಇಲ್ಲ! ಅವಳೇ ನಮ್ಮ ಅತ್ತೆ. ಮದುವೆಯಾದ ಮೇಲೆ ರಜೆ ಮುಗಿಸಿ ಹೊರಟಾಗಲೆಲ್ಲ ಮಾವನ ಕೈಯಲ್ಲಿ ಒಂದು ಬುಟ್ಟಿ. ಒಳಗೆ ನಂಜನಗೂಡಿನ ರಸಬಾಳೆ, ಕೋಡುಬಳೆ, ಕಜ್ಜಾಯ. ಎಲ್ಲವೂ ಪ್ಯಾರಾಚೂಟ್ ಮಡಿಸುವ ಹುಡುಗರಿಗೆ. ನಾವು ಕೈ ಹಾಕಿದರೆ ಅತ್ತೆ ಕೈಮೇಲೆ ಹೊಡೆಯುತ್ತಿದ್ದಳು.

ಇನ್ನು ಅವನ ವಿಚಿತ್ರಗಳನ್ನು ಎಷ್ಟೆಂದು ಹೇಳಲಿ? ನಮ್ಮಪ್ಪನ ಹತ್ತಿರ ಒಂದು ಹಳೆಯ ಮೊಪೆಡ್ ಇತ್ತು. ಸಂತೆಯಿಂದ ಕೊತ್ತಂಬರಿ ಸೊಪ್ಪು ತರಬೇಕೆಂದರೂ ಮಾವ ಅದರ ಸುತ್ತ ಒಂದು ಸುತ್ತು ಬಂದು, ಟೈರು ಒತ್ತಿ, ನಟ್ಟು ಬೋಲ್ಟು ಮುಟ್ಟಿ, ಬ್ರೇಕು ಹಿಡಿದು ಬಿಟ್ಟು, ದೀಪ ಹಾಕಿ ಆರಿಸಿಯೇ ಹತ್ತುತ್ತಿದ್ದ. ವಿಮಾನ ಹತ್ತುವ ಮುಂಚೆ ಹಾಗೆ ಮಾಡಲೇಬೇಕಂತೆ, ಅದು ರಕ್ತಕ್ಕೇ ಇಳಿದುಬಿಟ್ಟಿತ್ತು. ಎದುರುಮನೆಯ ಅಜ್ಜಿ ಇದನ್ನು ದಿನಾ ನೋಡಿ ನೋಡಿ, "ಎಂಥಾ ಭಕ್ತಿ ನೋಡ್ರವ್ವ, ಗಾಡಿಗೂ ಪ್ರದಕ್ಷಿಣೆ ಆಕ್ತಾನೆ! ಗುಡಿಯೊಳಗೆ ನಂಜುಂಡಪ್ಪಂಗೂ ಯಾರೂ ಇಷ್ಟು ನೇಮವಾಗಿ ಆಕಾಕಿಲ್ಲ" ಎಂದು ಕೈ ಮುಗಿದಳು.

ನೆಲ ನೋಡಿಕೊಂಡು ನಡೆಯುವುದು ಇನ್ನೊಂದು. ದಾರಿಯಲ್ಲಿ ಮೊಳೆ, ಸ್ಕ್ರೂ, ಬಾಟಲಿ ಮುಚ್ಚಳ, ಹುಣಿಸೆಬೀಜ, ಏನು ಕಂಡರೂ ಎತ್ತಿ ಜೇಬಿಗೆ ಹಾಕಿಕೊಳ್ಳುವನು. ರನ್‌ವೇ ಮೇಲೆ ಬಿದ್ದ ಒಂದು ಸಣ್ಣ ಕಲ್ಲನ್ನು ಎಂಜಿನ್ನು ಒಳಗೆಳೆದುಕೊಂಡರೂ ವಿಮಾನ ಹೋಯಿತು, ಅದಕ್ಕೇ ಆ ಅಭ್ಯಾಸ. ನಮ್ಮ ಬೀದಿಯಲ್ಲಿ ವಿಮಾನ ಇಳಿಯುವ ಸಂಭವ ಇಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಅವನ ಪ್ಯಾಂಟು ಒಗೆಯುವ ಮುಂಚೆ ಅಮ್ಮ ಜೇಬು ಜಾಲಾಡಿದರೆ ಅರ್ಧ ಹಾರ್ಡ್‌ವೇರ್ ಅಂಗಡಿ ಸಿಗುತ್ತಿತ್ತು.

ಮತ್ತೆ ಅವನ ಕೈಗಳು! ಪೈಲಟ್‌ಗಳು ಬಾಯಲ್ಲಿ ಮಾತಾಡುವುದಿಲ್ಲ, ಕೈಯಲ್ಲಿ ಮಾತಾಡುತ್ತಾರೆ. ಬಲಗೈ ತಾನು, ಎಡಗೈ ಶತ್ರು. ಒಂದು ಸಲ ಊಟದ ನಡುವೆ ಅಪ್ಪ ಮರೆತು "ವಿಮಾನಕ್ಕೂ ವಿಮಾನಕ್ಕೂ ಜಗಳ ಹೇಗಪ್ಪಾ ನಡೆಯುತ್ತೆ?" ಎಂದು ಕೇಳಿಬಿಟ್ಟರು. ಮಾವನ ಎಡಗೈ ನೀರಿನ ಲೋಟದಿಂದ ಮೇಲೆದ್ದಿತು. ಬಲಗೈ ಮುದ್ದೆಯ ಸಮೇತ ಅದರ ಬೆನ್ನುಹತ್ತಿ, ಅಮ್ಮನ ತಲೆಯ ಮೇಲೆ ಹಾದು, ಬಲಕ್ಕೆ ವಾಲಿ, ಮಗುಚಿ, ಕೆಳಗಿನಿಂದ ಬಂದು... ಶತ್ರುವೇನೋ ಉರುಳಿತು. ಆದರೆ ಮುದ್ದೆ ಕೈಜಾರಿ ಹೋಗಿ ಬಿದ್ದದ್ದು ಅಪ್ಪನ ಸಾರಿನ ಬಟ್ಟಲಿಗೆ. ಮುಖ ಒರೆಸಿಕೊಳ್ಳುತ್ತಾ ಅಪ್ಪ, "ಅರ್ಥ ಆಯ್ತು ಕಣಪ್ಪ, ಚೆನ್ನಾಗಿ ಅರ್ಥ ಆಯ್ತು" ಎಂದರು.

ಇಷ್ಟೆಲ್ಲ ನಕ್ಕಿದ್ದ ನಾವು ಒಂದು ದಿನ ಅವನ ನಿಜವಾದ ರೂಪ ನೋಡಿದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ಉತ್ತರದ ಕಡೆ ಅವನಿದ್ದ ವಾಯುನೆಲೆಗೆ ಅಜ್ಜಿ, ಅಪ್ಪ, ಅಮ್ಮ, ನಾನು ರೈಲಿನಲ್ಲಿ ಹೋದೆವು. ಅಜ್ಜಿ ಒಂದು ಚೀಲ ರಾಗಿಹಿಟ್ಟು ಹೊತ್ತು ತಂದಿದ್ದಳು, ದೇಶ ಕಾಯುವವನಿಗೆ ಬರೀ ಗೋಧಿ ಸಾಲದೆಂದು. ಕುಟುಂಬದವರಿಗೆ ನೋಡಲು ಬಿಡುವ ದಿನವೊಂದಿತ್ತು. ಬೇಲಿಯ ಈಚೆ ಶಾಮಿಯಾನದ ಕೆಳಗೆ ನಮ್ಮನ್ನೆಲ್ಲ ಕೂರಿಸಿದರು.

ದೂರದಲ್ಲಿ ಹಸಿರು ಮೇಲುಡುಪು ತೊಟ್ಟ ಒಬ್ಬ ನಡೆದು ಬಂದ. ಅವನ ನಡಿಗೆಯೇ ಬೇರೆ. ಸುತ್ತಲಿದ್ದವರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ವಿಮಾನದ ಸುತ್ತ ಒಂದು ಸುತ್ತು ಬಂದ, ಅಲ್ಲಲ್ಲಿ ಮುಟ್ಟಿದ. ಮೊಪೆಡ್ಡಿನ ಸುತ್ತ ಮಾಡುತ್ತಿದ್ದುದನ್ನೇ ಮಾಡಿದ, ಆದರೆ ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ಏಣಿ ಹತ್ತಿ ಒಳಗಿಳಿದ. ಗಾಜಿನ ಮುಚ್ಚಳ ಮುಚ್ಚಿತು. ಅಷ್ಟು ದೊಡ್ಡ ಉಕ್ಕಿನ ಹಕ್ಕಿಯೊಳಗೆ ನಮ್ಮ ಮಾವ ಒಂದು ಕಡಲೆಬೀಜದಷ್ಟು ಕಾಣುತ್ತಿದ್ದ.

ಆಮೇಲೆ ಆ ಸದ್ದು. ಅದನ್ನು ಕಿವಿಯಲ್ಲಿ ಕೇಳಿದೆ ಎಂದರೆ ಸುಳ್ಳಾಗುತ್ತದೆ. ಮೊದಲು ಅಂಗಾಲಿಗೆ ಬಂತು, ಅಲ್ಲಿಂದ ಮೊಣಕಾಲಿಗೆ, ಹೊಟ್ಟೆಗೆ, ಎದೆಗೂಡಿಗೆ. ನನ್ನ ಹಲ್ಲುಗಳು ತಮ್ಮಷ್ಟಕ್ಕೆ ತಾವೇ ಕಟಕಟ ಎಂದವು. ವಿಮಾನದ ಹಿಂದೆ ಬೆಂಕಿ ಕಾಣಿಸಿತು. ಇಡೀ ನೆಲವನ್ನು ಹಿಂದಕ್ಕೆ ಒದ್ದಂತೆ ಅದು ಓಡಿತು. ಓಡಿ, ಮೂಗೆತ್ತಿ, ನೇರ ಮೇಲಕ್ಕೆ, ಬಾವಿಯೊಳಗೆ ಬಿದ್ದ ಕಲ್ಲಿನ ಹಾಗೆ ಆಕಾಶದೊಳಕ್ಕೆ ಬಿತ್ತು! ನೋಡುತ್ತಿದ್ದಂತೆ ಚುಕ್ಕಿ. ಆಮೇಲೆ ಚುಕ್ಕಿಯೂ ಇಲ್ಲ. ನಾನು ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಪ್ಪ ಯಾಕೋ ಎದ್ದು ನಿಂತಿದ್ದರು. ಅಮ್ಮ ಅಳುತ್ತಿದ್ದಳು.

ಇಳಿದ ಮೇಲೆ ಅವನ ಮೇಲಧಿಕಾರಿ ನಮ್ಮನ್ನು ವಿಮಾನದ ಹತ್ತಿರ ಕರೆದುಕೊಂಡು ಹೋದರು. ಅಜ್ಜಿ ಸೆರಗಿನ ಗಂಟಿನಿಂದ ನಿಂಬೆಹಣ್ಣು, ಕುಂಕುಮ, ಒಂದು ತೆಂಗಿನಕಾಯಿ ಹೊರತೆಗೆದಳು. ಮಾವನ ಮುಖ ಬಿಳಿಚಿಕೊಂಡಿತು. ರನ್‌ವೇ ಪಕ್ಕ ತೆಂಗಿನಕಾಯಿ ಒಡೆಯುವುದೇ! "ಬ್ಯಾಡ ಕಣವ್ವ, ಚೂರು ಎಂಜಿನ್ ಒಳಕ್ಕೆ ಓಯ್ತದೆ!" ಎಂದು ಬೇಡಿಕೊಂಡ. ಅಜ್ಜಿ ಒಂದು ಗಳಿಗೆ ಯೋಚಿಸಿ, ಕಾಯನ್ನು ಮತ್ತೆ ಗಂಟಿಗೆ ಹಾಕಿ, ಇನ್ನೂ ಬಿಸಿಯಿದ್ದ ವಿಮಾನದ ಮೂತಿಯನ್ನು ಎರಡೂ ಕೈಯಿಂದ ಸವರಿ, ಕೈಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ಲಟಲಟನೆ ನಟಿಕೆ ಮುರಿದಳು. ಮೇಲಧಿಕಾರಿ ಉತ್ತರದವರು. ಏನು ಅರ್ಥವಾಯಿತೋ, ಟೋಪಿ ತೆಗೆದು ನಿಂತರು.

ಅವತ್ತಿನಿಂದ ಅಜ್ಜಿ ಅವನನ್ನು ಡ್ರೈವರ್ ಎನ್ನುವುದನ್ನು ಬಿಟ್ಟಳು. "ಏನ್ ಕೆಲ್ಸವೋ ಯೋಳಕ್ ಬರಾಕಿಲ್ಲ, ಓಗ್ ನೋಡ್ಬೇಕು" ಎನ್ನುತ್ತಿದ್ದಳು. ನಾನು ಬರೆದ ಇಷ್ಟುದ್ದದ ವರ್ಣನೆಗಿಂತ ಅವಳ ಒಂದು ಮಾತೇ ಮೇಲು.

ನಾನು ಕಾಲೇಜಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಪ್ಪನ ದಿನಸಿ ಅಂಗಡಿಗೆ ಫೋನ್ ಬಂತು. ಮಾವನ ವಿಮಾನ ಬಿದ್ದಿದೆ, ಮಾವ ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೆ ಅಪಾಯವಿಲ್ಲ. ಅತ್ತೆ ಅಲ್ಲೇ ಅವನ ಪಕ್ಕದಲ್ಲಿದ್ದಳು. ಅಜ್ಜಿಗೆ ತಿಳಿಸುವ ಕೆಲಸ ಅಪ್ಪನ ಪಾಲಿಗೆ ಬಂತು. ನಾನೂ ಜೊತೆಗೆ ಹೆಮ್ಮಿಗೆಗೆ ಹೋದೆ. ಅಪ್ಪ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಅಜ್ಜಿಯ ಮುಖ ಕಂಡದ್ದೇ ಎಲ್ಲ ಮರೆತುಹೋಯಿತು.

"ಏನಿಲ್ಲ ಅತ್ತೆಮ್ಮ. ನಿಮ್ಮ ಮಗ ಸ್ವಲ್ಪ ಬಿದ್ದವ್ನೆ. ಚೆನ್ನಾಗವ್ನೆ."

"ಬಿದ್ನಾ? ಎಲ್ಲಿಂದ ಅಳಿಯಂದ್ರೇ?"

"ಮೇಲಿಂದ."

"ಮೇಲಿಂದ ಅಂದ್ರೆ? ಅಟ್ಟದಿಂದ್ಲಾ?"

"ಅದಕ್ಕಿಂತ ಒಂಚೂರು ಮೇಲಿಂದ."

"ತೆಂಗಿನ್ ಮರದಿಂದ್ಲಾ?"

ಅಪ್ಪ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, "ಅತ್ತೆಮ್ಮ, ಅಷ್ಟು ಎತ್ತರದ ಮರ ಇನ್ನೂ ಯಾರೂ ಹಾಕಿಲ್ಲ" ಎಂದರು. ಅಜ್ಜಿ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಕೆಲವು ವಾರಗಳಾದ ಮೇಲೆ ಬೆನ್ನಿಗೆ ಪಟ್ಟಿ, ಕಾಲಿಗೆ ಪ್ಲಾಸ್ಟರು ಕಟ್ಟಿಕೊಂಡು ಮಾವ ಹೆಮ್ಮಿಗೆಗೆ ಬಂದ, ನೋಡಲು ನಾವೂ ಅಲ್ಲಿಗೆ ಹೋದೆವು. ಸೀಟು ಎಸೆದ ರಭಸಕ್ಕೆ ಬೆನ್ನುಮೂಳೆ ಅದುಮಿ ಕೊಂಚ ಗಿಡ್ಡನಾಗಿದ್ದ. "ನೋಡಕ್ಕ, ಪ್ಯಾಂಟಿನ ಬಟ್ಟೆ ಉಳಿತಾಯ" ಎಂದು ಅಮ್ಮನನ್ನು ನಗಿಸಲು ನೋಡಿದ. ಮೇಲಿಂದ ಬಿದ್ದವನನ್ನು ನೋಡಲು ಸುತ್ತಮುತ್ತಲ ಊರಿನ ಜನವೆಲ್ಲ ಬಂದರು. ಒಬ್ಬ ಮುದುಕ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತು, ಗುಟ್ಟಿನಲ್ಲಿ ಕೇಳಿದ. "ನಿಜ ಯೋಳು ಮಗ. ಮ್ಯಾಲೆ ಅಂಗ್ ಆದಾಗ ದ್ಯಾವ್ರು ಕಂಡ್ನಾ?"

"ಇಲ್ಲ ಕಣಜ್ಜ. ಎಮ್ಮೆ ಕಾಣ್ತು" ಎಂದ ಮಾವ.

ನಡೆದದ್ದೇನು ಎಂದು ಅವನ ಬಾಯಿಂದ ಹೊರಡಲಿಲ್ಲ. ಹೇಳಿದ್ದು ಅವನನ್ನು ಬಿಟ್ಟುಹೋಗಲು ಬಂದಿದ್ದ ಕಿರಿಯ ಅಧಿಕಾರಿ, ಧಾರವಾಡದ ಕಡೆಯ ಹುಡುಗ. ವಿಮಾನ ಆಗಷ್ಟೇ ಮೇಲೆದ್ದಿತ್ತು. ಒಂದು ಹದ್ದು ಎಂಜಿನ್ನಿಗೆ ಬಡಿದು ಎಂಜಿನ್ನು ನಿಂತುಹೋಯಿತು. ಇರುವುದೇ ಒಂದು ಎಂಜಿನ್ನು. ಅಷ್ಟು ಕೆಳಗಿದ್ದಾಗ ತಕ್ಷಣ ಹಿಡಿ ಎಳೆದು ಹೊರಗೆ ಹಾರಬೇಕು, ನಿಯಮವೇ ಹಾಗೆ. ಆದರೆ ಮೂಗಿನ ನೇರಕ್ಕೆ ಕೆಳಗೆ ಒಂದು ಸಂತೆ ನೆರೆದಿತ್ತು. ಇವನು ಹಾರಲಿಲ್ಲ. ಸತ್ತ ವಿಮಾನವನ್ನು ಎಡಕ್ಕೆ ವಾಲಿಸಿ, ಒಣಗಿದ ಹೊಳೆಯ ಕಡೆ ತಿರುಗಿಸಿ, ಇನ್ನು ಅದು ಸಂತೆಯ ಕಡೆ ಹೋಗದು ಎಂದು ಖಾತ್ರಿಯಾದ ಮೇಲೆ ಹಿಡಿ ಎಳೆದ. ಪ್ಯಾರಾಚೂಟು ಬಿಚ್ಚಿಕೊಂಡದ್ದೂ ನೆಲ ಬಂದದ್ದೂ ಒಟ್ಟಿಗೇ.

"ನಾವೆಲ್ಲ ರೇಡಿಯೋದಾಗ 'ಹಾರ್ರಿ, ಹಾರ್ರಿ' ಅಂತ ಒದರಾಕತ್ತಿದ್ವಿ" ಎಂದ ಆ ಹುಡುಗ. "ಸರ್ ಅಂದದ್ದು ಒಂದೇ ಮಾತು. 'ತಡಿಯಪ್ಪಾ, ಕೆಳಗ ಜನ ಅದಾರ' ಅಂತ."

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಒಳಕೋಣೆಯಿಂದ ಮಾವನ ಕೂಗು ಕೇಳಿಸಿತು. "ಅಕ್ಕಾ, ಅವನ ಪುರಾಣ ಸಾಕು, ಹುಡುಗನಿಗೆ ಊಟ ಹಾಕು! ಉಪ್ಸಾರಿನ ಖಾರ ತಡಕೊಂಡರೆ ಅವನಿಗೆ ಒಂದು ಪದಕ ಕೊಡಿಸೋಣ!"

ಮಾವ ಬಿದ್ದದ್ದು ಒಂದು ಜೋಳದ ಹೊಲದಲ್ಲಿ. ಕಣ್ಣು ಬಿಟ್ಟಾಗ ಮುಖದ ಮುಂದೆ ನಿಜವಾಗಿಯೂ ಒಂದು ಎಮ್ಮೆ, ಅದರ ಹಿಂದೆ ಕುಡುಗೋಲು ಹಿಡಿದ ಒಬ್ಬ ಹೆಂಗಸು. ಆಕಾಶದಿಂದ ಉದುರಿದವನು ಕಳ್ಳನೋ ಶತ್ರುವೋ ಎಂದು ಆಕೆ ಗದರಿಸುತ್ತಿದ್ದಳಂತೆ. ಮಾವನಿಗೆ ತಾನು ಯಾವ ರಾಜ್ಯದಲ್ಲಿದ್ದೇನೆ ಎಂಬುದೂ ನೆನಪಿಲ್ಲ, ಹಿಂದಿಯೂ ಮರೆತುಹೋಗಿದೆ. "ಅವ್ವಾ, ನೀರು" ಎಂದ. ಆಕೆಗೆ ಕನ್ನಡ ಬಾರದು. ಆದರೂ ಕುಡುಗೋಲು ಕೆಳಗಿಟ್ಟಳು. ಹೆಲಿಕಾಪ್ಟರು ಬರುವ ತನಕ ತನ್ನ ಸೆರಗನ್ನು ಅವನ ಮುಖದ ಮೇಲೆ ನೆರಳಿಗೆ ಹಿಡಿದು ನಿಂತಿದ್ದಳು. ಇತ್ತ ವಾಯುನೆಲೆಯಲ್ಲಿ ಅತ್ತೆ ಮಾಡಿದ ಮೊದಲ ಕೆಲಸವೇನು ಗೊತ್ತೇ? ಆಸ್ಪತ್ರೆಯಲ್ಲಿ ಗಂಡನಿಗೆ ಎಚ್ಚರವಾದ ಮಾರನೆಯ ದಿನ ಹೋಳಿಗೆ ಮಾಡಿ, ಪ್ಯಾರಾಚೂಟ್ ಮಡಿಸುವ ಹುಡುಗರನ್ನೆಲ್ಲ ಮನೆಗೆ ಕರೆದು, ಬಾಳೆಲೆ ಸಿಗದ ಆ ಊರಿನಲ್ಲಿ ತಟ್ಟೆಗಳನ್ನೇ ಸಾಲಾಗಿ ಹಾಕಿ ಬಡಿಸಿದಳು.

ವಾಯುಪಡೆಯ ವೈದ್ಯರು ಇನ್ನು ಯುದ್ಧವಿಮಾನ ಆಗದು, ಕಚೇರಿ ಕೆಲಸ ಮಾಡಿಕೊಂಡಿರಿ ಎಂದುಬಿಟ್ಟರು. ಪ್ಲಾಸ್ಟರು ತೆಗೆದ ಮೇಲೆ ಮಾವ ಪ್ರತಿದಿನ ಬೆಳಿಗ್ಗೆ ಹೆಮ್ಮಿಗೆಯಿಂದ ತಲಕಾಡಿಗೆ ಹೋಗಿ, ಅಲ್ಲಿನ ಮರಳದಿಬ್ಬಗಳನ್ನು ಬರಿಗಾಲಲ್ಲಿ ಹತ್ತಿ ಇಳಿಯತೊಡಗಿದ. ಮರಳಿನಲ್ಲಿ ನಡೆದರೆ ಕಾಲೂ ಬೆನ್ನೂ ಗಟ್ಟಿಯಾಗುತ್ತವೆ ಎಂದು ಲೆಕ್ಕ. ಒಂದು ಹೆಜ್ಜೆ ಹತ್ತಿದರೆ ಅರ್ಧ ಹೆಜ್ಜೆ ಜಾರುವ ಮರಳು ಅದು. ಹಲ್ಲು ಕಚ್ಚಿಕೊಂಡು, ಬೆವರು ಸುರಿಸುತ್ತಾ, ಗಡ್ಡ ಬಿಟ್ಟುಕೊಂಡು, ಹೆಗಲಿಗೆ ಪಂಚೆ ಹೊದ್ದು ಅವನು ಹತ್ತುವುದನ್ನು ನೋಡಿದ ಯಾತ್ರಿಕರು ಯಾರೋ ಘೋರ ಹರಕೆ ಹೊತ್ತ ಸಾಧು ಎಂದುಕೊಂಡರು. ಒಬ್ಬ ಹೆಂಗಸು ಅಡ್ಡಬಿದ್ದು, "ಸ್ವಾಮಿ, ನನ್ ಮಗಳ್ ಮದ್ವೆ ಯಾವಾಗ ಆಯ್ತದೆ?" ಎಂದಳು. ಮಾವನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಮತ್ತೆ ಹಾರಲು ವೈದ್ಯರ ಮಂಡಳಿಯ ಒಪ್ಪಿಗೆ. "ಮೆಡಿಕಲ್ ಬೋರ್ಡ್ ಪಾಸಾದ ಮೇಲೆ" ಎಂದುಬಿಟ್ಟ. ಆಕೆ ಭಕ್ತಿಯಿಂದ, "ಆ ದ್ಯಾವ್ರು ಯಾವೂರಲ್ಲೈತೆ ಸ್ವಾಮಿ?" ಎಂದು ಕೇಳಿದಳು!

ಒಂದು ಸಂಜೆ ಹೆಮ್ಮಿಗೆಯಲ್ಲಿ ಹೊಳೆದಂಡೆಯ ಕಲ್ಲುಗಳ ಮೇಲೆ ನಾವೆಲ್ಲ ಕೂತಿದ್ದೆವು. ಅಪ್ಪ ಬಹಳ ದಿನದಿಂದ ಹೊಟ್ಟೆಯಲ್ಲಿದ್ದುದನ್ನು ಹೇಳಿದರು. "ಸಾಕು ಕಣಯ್ಯಾ. ದೇವರು ಒಂದು ಸಲ ಉಳಿಸಿದಾನೆ. ಕಚೇರಿ ಕೆಲಸ ಮಾಡ್ಕೊಂಡಿರು."

ಅಮ್ಮ ಅತ್ತೆಯ ಕಡೆ ತಿರುಗಿ, "ನೀನಾದ್ರೂ ಹೇಳೇ" ಎಂದಳು.

"ನಾನೇನ್ ಹೇಳ್ಲಿ ಅತ್ತಿಗೆ" ಎಂದು ಅತ್ತೆ ಎದ್ದು ಮನೆಯ ಕಡೆ ನಡೆದಳು. ಎಂಥ ಕಲ್ಲುಮನಸ್ಸು ಎಂದು ನಮಗನ್ನಿಸಿತು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೇಳಿದಳು. "ಅಲ್ಲಿ ಮ್ಯಾಲೆ ಅಂಥಾದ್ದು ಏನೈತ್ಲಾ ಮಗ?"

ಮಾವ ಹೊಳೆಯನ್ನೇ ನೋಡುತ್ತಿದ್ದ. ಯಾವಾಗಲೂ ಹಾರಾಡುವ ಅವನ ಎರಡು ಕೈಗಳು ಅವತ್ತು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

"ಮೋಡ ದಾಟಿ ಮ್ಯಾಲಕ್ಕೆ ಓದ್ರೆ ಆಕಾಶ ನೀಲಿ ಇರಾಕಿಲ್ಲ ಕಣವ್ವ. ಅಗಲೊತ್ತಲ್ಲೇ ಕಪ್ಪಾಗಿ ಕಾಣ್ತದೆ. ಭೂಮಿ ಅಂಚು ಒಸಿ ಬಾಗಿರ್ತದೆ, ನಿನ್ ಮೊರದ ಅಂಚಿನಂಗೆ. ಬೆಳಗ್ಗೆ ಕತ್ಲಲ್ಲೇ ಒಂಟ್ರೆ, ಕೆಳಗೆ ನಿಮ್ಗೆಲ್ಲ ಇನ್ನೂ ಸೂರ್ಯ ಉಟ್ಟಿರಾಕಿಲ್ಲ, ನಂಗೆ ಆಗ್ಲೇ ಉಟ್ಟಿರ್ತಾನೆ. ಅಷ್ಟ್ ಒತ್ತು ಅವ್ನು ನನ್ನೊಬ್ನಿಗೇ ಇರ್ತಾನೆ. ಆಮ್ಯಾಲೆ ನಿಧಾನಕ್ಕೆ ಕೆಳೀಕೆ ಊರೂರ್ಗೂ ಬೆಳಕು ಬೀಳದ ನೋಡ್ತೀನಿ. ಅಲ್ಲಿದ್ದಾಗ ನಾನು ಅನ್ನೋದೇ ಇರಾಕಿಲ್ಲ ಕಣವ್ವ. ಅದುನ್ನ ಒಂದ್ಸಲ ನೋಡ್ಬುಟ್ಟೋನು ಕೆಳೀಕೆ ಕುರ್ಚಿ ಮ್ಯಾಲೆ ಎಂಗ್ ಕೂತಿರಾನ?"

ಅವನು ಅಷ್ಟು ದಿನ ನಮಗೆ ಹೇಳದೆ ಉಳಿಸಿಕೊಂಡಿದ್ದುದು ಇದು. ನಮ್ಮ ಮನೆಯ ಜಗಲಿಯ ಮೇಲೆ ಹುಣಿಸೆಬೀಜ ಎಣಿಸುತ್ತಾ ಕೂರುವ ಈ ಮನುಷ್ಯ ಎಲ್ಲೆಲ್ಲಿ ಹೋಗಿ ಬಂದಿದ್ದಾನೆ!

ಅಜ್ಜಿ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. "ಅಂಗಾರೆ ಓಗು" ಎಂದಳು. ಮತ್ತೆ ಸ್ವಲ್ಪ ಅಗಿದು, "ಆ ಮುರುಕಲು ಗಾಡಿ ಕೊಟ್ರೆ ಮಾತ್ರ ಅತ್ಬ್ಯಾಡ ಕಣ್ಲಾ. ಒಸಾದು ಕೇಳು" ಎಂದಳು.

ಮೊದಲ ಸಲ ಬೋರ್ಡಿಗೆ ಹೋದಾಗ ವೈದ್ಯರು ಆಗುವುದಿಲ್ಲ ಎಂದರು. ಬಂದು ಮತ್ತೆ ಮರಳಿಗಿಳಿದ. ಮುಂದಿನ ಸಲವೂ ತಲೆ ಅಲ್ಲಾಡಿಸಿದರು. ಮತ್ತೆ ಮರಳು. ಕೊನೆಗೆ ಅವನ ಬೆನ್ನಿಗಿಂತ ಮೊದಲು ವೈದ್ಯರೇ ಬಗ್ಗಿದರು. ಮಾವ ಮತ್ತೆ ಹಾರಿದ. ಅದೇ ಒಂಟಿ ಸೀಟು, ಅದೇ ಒಂಟಿ ಎಂಜಿನ್ನು. ಹಾರಿದ ದಿನ ಅಂಗಡಿಗೆ ಫೋನ್ ಮಾಡಿ, "ಬಾವ, ಸೂರ್ಯ ಇನ್ನೂ ಅಲ್ಲೇ ಇದಾನೆ ಕಣ್ರೀ" ಎಂದನಂತೆ. ಅಪ್ಪ ಅವತ್ತು ಗಿರಾಕಿಗಳಿಗೆಲ್ಲ ಬೆಲ್ಲ ಹಂಚಿದರು. ಆಮೇಲೂ ಬಹಳ ವರ್ಷ ಹಾರಿದ. ಎಷ್ಟೋ ಹುಡುಗರಿಗೆ ಹಾರುವುದನ್ನು ಕಲಿಸಿದ. ಅವರಲ್ಲಿ ಕೆಲವರು ಮರಳಿ ಬರಲಿಲ್ಲ. ಅಂಥ ಸುದ್ದಿ ಬಂದ ರಜೆಗಳಲ್ಲಿ ಮಾವ ನಂಜನಗೂಡಿನಲ್ಲಿ ಕಪಿಲಾ ಹೊಳೆಯ ಸೋಪಾನದ ಮೇಲೆ ಒಬ್ಬನೇ ಕೂತಿರುತ್ತಿದ್ದ, ನಾವು ಯಾರೂ ಹತ್ತಿರ ಹೋಗುತ್ತಿರಲಿಲ್ಲ.

ಎರಡು ಸಾವಿರದ ಆಚೆಗೆ, ನನಗೆ ಮದುವೆಯಾಗಿ ನಂಜನಗೂಡಿನಲ್ಲೇ ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡಿದ್ದಾಗ, ಮಾವ ನಿವೃತ್ತನಾಗಿ ಬಂದು ನಮ್ಮ ಪಕ್ಕದ ಬೀದಿಯಲ್ಲಿ ಮನೆ ಮಾಡಿದ. ಸಾಮಾನು ಬಂದಿಳಿದ ಮಾರನೆಯ ಬೆಳಿಗ್ಗೆ ಸಹಾಯಕ್ಕೆಂದು ಹೋದೆ. ಮಾವ ಕಾಫಿ ಕುಡಿದು, ಚೀಲ ಹಿಡಿದು, ತರಕಾರಿ ತರಲು ಹೊರಟ. ಅವನು ಇನ್ನೂ ಗೇಟು ದಾಟಿದ್ದನೋ ಇಲ್ಲವೋ, ಅತ್ತೆ ಪೊರಕೆ ತೆಗೆದುಕೊಂಡು ನಡುಮನೆ ಗುಡಿಸತೊಡಗಿದಳು.

ನಾನು ತಡೆದೆ. "ಅತ್ತೆ, ಮಾವ ಈಗಷ್ಟೇ ಆಚೆಗೆ ಹೋದ. ಮನೆಯವರು ಹೊರಟ ಬೆನ್ನಿಗೇ ಗುಡಿಸಬಾರದು ಅಂತಾರೆ. ಹೆಣ ಎತ್ತಿದ ಮನೇನ ಹಾಗೆ ಗುಡಿಸೋದು ಅಂತ..."

"ಗೊತ್ತು ಕಣೆ" ಎಂದಳು ಅತ್ತೆ. ಪೊರಕೆ ನಿಲ್ಲಿಸಲಿಲ್ಲ. "ನಮ್ಮ ಕ್ವಾರ್ಟರ್ಸಿನಲ್ಲಿ ಎಲ್ಲರೂ ನನಗೆ ಸೋಮಾರಿ ಅಂತ ಹೆಸರಿಟ್ಟಿದ್ರು. ಸಾಯಂಕಾಲವಾದ್ರೂ ಕಸ ಹೊಡೆಯಲ್ಲ ಈಕೆ ಅಂತ. ಅವರು ಬೆಳಿಗ್ಗೆ ಹಾರೋಕೆ ಹೋದ್ರೆ, ತಿರುಗಿ ಬಂದು ಬೂಟು ಬಿಚ್ಚೋ ತನಕ ನಾನು ಪೊರಕೆ ಮುಟ್ತಾ ಇರ್ಲಿಲ್ಲ. ಮನೆ ತುಂಬಾ ಧೂಳು. ಅದರ ನಡುವೇನೇ ಕೂತಿರ್ತಿದ್ದೆ. ಒಂದು ದಿನಾನೂ ತಪ್ಪಿಸಲಿಲ್ಲ. ಅವರಿಗೆ ಹೇಳಲೂ ಇಲ್ಲ."

ಅತ್ತೆ ನಡುಮನೆ ಮುಗಿಸಿ, ಪಡಸಾಲೆ ಮುಗಿಸಿ, ಹೊಸ್ತಿಲು ದಾಟಿ, ಗೇಟಿನವರೆಗೂ ಗುಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಇವತ್ತು ಗುಡಿಸ್ತೀನಿ ಕಣೆ" ಎಂದಳು. "ಇವತ್ತು ಅವರು ಬದನೆಕಾಯಿ ತರೋಕೆ ಹೋಗಿದಾರೆ."